ಹನ್ನೊಂದನೇ ನಂಬರಿನ ಹಣ್ಣು

ನಮ್ಮಣ್ಣ ಯಾವ ಹಣ್ಣನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿರಲಿಲ್ಲ. ಒತ್ತುವವರನ್ನು ಕಂಡರೂ ಅವನಿಗೆ ಆಗುತ್ತಿರಲಿಲ್ಲ. ಒಮ್ಮೆ ಕೆಂಗಲ್ ಹತ್ತಿರ ನಾವಿಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ರಸ್ತೆ ಬದಿಯಲ್ಲಿ ಒಬ್ಬ ಮಾವಿನಹಣ್ಣು ಗುಡ್ಡೆ ಹಾಕಿಕೊಂಡು ಕೂತಿದ್ದ. ಕಾರಿನಿಂದ ಇಳಿದ ಒಬ್ಬ ಹೆಂಗಸು ಒಂದೊಂದೇ ಹಣ್ಣನ್ನು ಎತ್ತಿ, ಒತ್ತಿ, ಕೆಳಗಿಡುತ್ತಿದ್ದರು. ಅಣ್ಣ ಸುಮ್ಮನಿರಲಾರದೆ ಹತ್ತಿರ ಹೋದ.

"ಅಮ್ಮಾವ್ರೆ, ನೀವು ಒತ್ತಿದ್ ಜಾಗ ನಾಳೆ ಕಪ್ಪಾಯ್ತದೆ. ನೀವೇನೋ ಬೇರೆ ಹಣ್ಣು ತಗಂಡ್ ಓಯ್ತೀರಿ. ಅದ ತಗಳ್ಳೋರು ನಿಮಗೇನ್ ಮಾಡಿದ್ರು?"

"ಒತ್ತದೆ ಹೇಗ್ರೀ ಗೊತ್ತಾಗೋದು ಹಣ್ಣಾಗಿದೆಯೋ ಇಲ್ವೋ ಅಂತ?"

"ಮೂಸಿ ನೋಡಿ. ಅಂಗೈಲಿಟ್ಟು ತೂಕ ನೋಡಿ. ಆಗ್ಲೂ ಗೊತ್ತಾಗ್ಲಿಲ್ವಾ, ನಂಬಿ ತಗಳಿ."

ಆಕೆ ಮುಖ ಸಿಂಡರಿಸಿಕೊಂಡರು. ಮಾರುವವನು ಮಾತ್ರ ನಕ್ಕುಬಿಟ್ಟ. "ಯಜಮಾನ್ರೆ, ಬಸ್ಸು ಬುಟ್ಟಾಕಿ, ಇಲ್ಲೇ ಕೂತ್ಕಳಿ. ನಿಮ್ಮಿಂದ ಒಸಿ ವ್ಯಾಪಾರ ಆಗ್ಲಿ" ಅಂದ.

ಅಣ್ಣ ತೀರಿಕೊಂಡು ವರ್ಷ ತುಂಬುತ್ತಾ ಬಂತು. ಅವನ ಬಗ್ಗೆ ಬರೆಯಬೇಕು ಅಂತ ಅವತ್ತಿನಿಂದಲೂ ಅಂದುಕೊಳ್ಳುತ್ತಿದ್ದೇನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯುವುದು ಅಂದರೆ ಅಂಗಡಿ ಸಾಮಾನಿನ ಚೀಟಿ ಅಷ್ಟೇ. ಆದರೆ ನಾನು ತಡ ಮಾಡಿದ್ದು ಅದಕ್ಕಲ್ಲ. ಅವನ ಬಗ್ಗೆ ಬರೆದರೆ ನಾನು ಅವನಿಗೆ ಮಾಡಿದ್ದನ್ನೂ ಬರೆಯಬೇಕಾಗುತ್ತದೆ.

ನಮ್ಮ ತವರು ಸಾತನೂರಿನ ಕಡೆಯ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಎರಡು ಸೀಮೆ ಹಸು, ಹೊಲದ ಬದುವಿನಲ್ಲಿ ಬಾದಾಮಿ ಮಾವಿನ ಮರಗಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಅವ್ವ ರೇಷ್ಮೆ ಹುಳ ಸಾಕುತ್ತಿದ್ದಳು. ಗೂಡು ಬಿಡಿಸುವ ಮುಂಚೆ ಅವ್ವ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗಿನ ಹುಳ ಗಟ್ಟಿಯಾಗಿದ್ದರೆ ಟಕಟಕ ಅನ್ನುತ್ತದೆ. ಸತ್ತು ಕರಗಿದ್ದರೆ ಸದ್ದೇ ಇಲ್ಲ. ಅಣ್ಣ ಅದನ್ನು ನೋಡಿ ಕಲಿತ. ಆಮೇಲೆ ಅವನು ಕಿವಿ ಕೊಡದ ವಸ್ತುವೇ ಇರಲಿಲ್ಲ. ತೆಂಗಿನಕಾಯಿ, ಹಲಸು, ಸಂತೆಯ ಮಡಕೆ, ಎಲ್ಲವನ್ನೂ ತಟ್ಟಿ ಕೇಳುತ್ತಿದ್ದ. ನನ್ನ ಮಗಳು ಎಳೆಗೂಸಾಗಿದ್ದಾಗ ಅವಳ ಹೊಟ್ಟೆಯ ಮೇಲೆ ಎರಡು ಬೆರಳಿನಿಂದ ತಟ್ಟಿ, "ತುಂಬೈತೆ ಕಣಮ್ಮಿ, ಹಾಲು ಸಾಕು" ಅಂದಿದ್ದ.

ಹಾಗಂತ ಅವನು ಹೇಳಿದ್ದೆಲ್ಲ ನಿಜವಾಗುತ್ತಿರಲಿಲ್ಲ. ಚಿಕ್ಕಪ್ಪನ ಮನೆಗೆ ನೆಂಟರು ಬಂದಾಗ ಒಂದು ಹಲಸನ್ನು ತಟ್ಟಿ, ಹಣ್ಣಾಗಿದೆ ಅಂತ ತೀರ್ಪು ಕೊಟ್ಟ. ಕೊಯ್ದರೆ ಒಳಗೆಲ್ಲ ಬಿಳಿ ಅಂಟು.

"ಏನ್ಲಾ, ಘಮಘಮ ಅಂತದೆ ಅಂದಲ್ಲೋ! ಇದ ನೆಂಟ್ರಿಗೆ ಕೊಡನಾ, ಬಾಗ್ಲಿಗೆ ಮೆತ್ತನಾ?" ಅಂದರು ಚಿಕ್ಕಪ್ಪ.

"ಹುಳಿಗಾಕಿ ಚಿಕ್ಕಪ್ಪ. ಹಲಸು ನಂಗೆ ಸುಳ್ಳೇಳ್ತು" ಅಂತ ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ತಾನು ತಪ್ಪಿದ್ದನ್ನು ಹೇಳಿಕೊಳ್ಳುವುದು ಅವನಿಗೆ ಒಂದು ಖುಷಿ. ನನಗೆ ಆ ಗುಣ ಬರಲಿಲ್ಲ.

ಕರೆಂಟು ಹೋದ ಸಂಜೆಗಳಲ್ಲಿ ಅವನು ನನ್ನ ಅಂಗೈಯ ಕೆಳಗೆ ಬ್ಯಾಟರಿ ಹಿಡಿಯುತ್ತಿದ್ದ. ಬೆರಳುಗಳೆಲ್ಲ ಕೆಂಪಗೆ ಹೊಳೆಯುತ್ತಿದ್ದವು. "ನೋಡು, ಕುಯ್ಯದೇ ನಿನ್ನೊಳಿಕೆ ನೋಡ್ಬುಟ್ಟೆ" ಅನ್ನುತ್ತಿದ್ದ. ನಾನು ಹೆದರಿ ಕೈ ಎಳೆದುಕೊಳ್ಳುತ್ತಿದ್ದೆ.

ಆಗ ಬಿಡದಿ, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಕನಕಪುರದ ರಸ್ತೆಯಲ್ಲಿ ಮಾವು ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸುವ ಒಂದು ಶೆಡ್ಡು ಬಂತು. ಅಣ್ಣ ಅಲ್ಲಿ ಸೀಸನ್ನಿನ ಕೆಲಸಕ್ಕೆ ಸೇರಿದ. ಬಲಿತ ಕಾಯಿ, ಎಳಸು ಕಾಯಿ ಬೇರೆ ಮಾಡುವುದು ಅವನ ಕೆಲಸ. ಅಲ್ಲಿ ನೀರಿನ ತೊಟ್ಟಿ ಇತ್ತು. ಬಲಿತದ್ದು ಮುಳುಗುತ್ತದೆ, ಎಳಸು ತೇಲುತ್ತದೆ. ಅಷ್ಟು ಸುಲಭ. ಆದರೆ ಬಾದಾಮಿಗೆ ಒಂದು ರೋಗವಿದೆ. ಹೊರಗೆ ಅರಿಶಿನ ಬಳಿದ ಹಾಗೆ ಚೆಂದ. ಒಳಗೆ ಓಟೆಯ ಸುತ್ತ ಬಿಳಚಿಕೊಂಡು ಬೆಂಡಿನ ಹಾಗೆ ಆಗಿರುತ್ತದೆ, ಹುಳಿ ವಾಸನೆ ಬೇರೆ. ನಮ್ಮ ಕಡೆ ಅಂಥದ್ದನ್ನು ಬೆಂಡು ಬಿದ್ದ ಹಣ್ಣು ಅಂತಿದ್ದೆವು. ಅದು ನೀರಿಗೂ ಸಿಗದು, ಕೈಗೂ ಸಿಗದು, ಮೂಗಿಗೂ ಸಿಗದು. ಕೊಯ್ದರೇ ಗೊತ್ತಾಗುವುದು. ಕೊಯ್ದ ಮೇಲೆ ಅದನ್ನು ಮಾರುವುದು ಯಾರಿಗೆ? ಶೆಡ್ಡಿನಿಂದ ಹೋದ ಮಾಲು ಒಮ್ಮೆ ಹಾಗೇ ಕೆಟ್ಟಿತು ಅಂತ ಸುದ್ದಿ ಬಂದಾಗ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರಂತೆ.

ಅದೇ ಬೇಸಿಗೆಯಲ್ಲಿ ಕೃಷಿ ಕಾಲೇಜಿನಿಂದ ಒಬ್ಬ ಸಾಹೇಬರು ಬಂದರು. ಅವರ ಹತ್ತಿರ ಟಿಫನ್ ಕ್ಯಾರಿಯರ್‌ನಷ್ಟು ದೊಡ್ಡ ಒಂದು ಮಿಷನ್ನು. ಹಣ್ಣಿಗೆ ಒತ್ತಿ ಹಿಡಿದರೆ ಒಳಕ್ಕೆ ಬೆಳಕು ಬಿಡುತ್ತದೆ, ಆ ಬೆಳಕು ವಾಪಸು ಬರುವ ರೀತಿ ನೋಡಿ ಒಳಗೆ ಹೇಗಿದೆ ಅಂತ ಹೇಳುತ್ತದೆ. ಅಣ್ಣ ಅವತ್ತು ಮನೆಗೆ ಬಂದವನು ಕಾಲು ತೊಳೆಯುವುದನ್ನೂ ಮರೆತು ನನ್ನ ಕೈ ಹಿಡಿದುಕೊಂಡ.

"ನಿನ್ ಅಂಗೈಗೆ ಬ್ಯಾಟ್ರಿ ಬುಡ್ತಿದ್ನಲ್ಲ, ಅದೇ ಕಣಮ್ಮಿ! ಅದನ್ನೇ ಓದಿರೋರು ಮಿಷಿನ್ ಮಾಡವ್ರೆ!"

"ನಿನ್ ಕೈಗಿಂತ ಚೆನ್ನಾಗಿ ಹೇಳ್ತದಾ?" ಅಂತ ಅವ್ವ ಒಲೆಯ ಮುಂದಿನಿಂದ ಕೇಳಿದಳು.

"ನನ್ ಕೈ ಏನವ್ವ, ಹಲಸಿನ ಕತೆ ಗೊತ್ತಿಲ್ವಾ?" ಅಂದ.

ಸಾಹೇಬರು ಬಲು ಸಾಧು ಮನುಷ್ಯ. ಮಿಷನ್ನು ಹೇಳಿದ್ದು ನಿಜವೋ ಅಲ್ಲವೋ ಅಂತ ತಿಳಿಯಲು ಒಂದೇ ದಾರಿ, ಅಂತ ನಮ್ಮ ಜಗಲಿಯ ಮೇಲೆ ಕೂತು ಅವರೇ ವಿವರಿಸಿದರು. ಬಣ್ಣ ತಿರುಗುವ ಹೊತ್ತಿಗೆ ಒಂದೊಂದು ಹಣ್ಣಿಗೂ ಬೆಳಕು ಬಿಟ್ಟು ನೋಡುವುದು, ನಂಬರು ಹಾಕುವುದು, ಹುಲ್ಲಿನಲ್ಲಿಟ್ಟು ಪೂರ್ತಿ ಹಣ್ಣು ಮಾಡುವುದು, ಆಮೇಲೆ ಎಲ್ಲರ ಮುಂದೆ ಕೊಯ್ಯುವುದು. ಶೆಡ್ಡಿನಲ್ಲಿಟ್ಟರೆ ಕೂಲಿಯವರು ತಿಂದುಬಿಡುತ್ತಾರೆ ಅಂತ ಹಣ್ಣುಗಳನ್ನು ನಮ್ಮ ಅಟ್ಟದ ಮೇಲೆ ಇಡಿಸಿದರು. ನಂಬರು ಬರೆದದ್ದು ಅಣ್ಣ. ದಪ್ಪ ಕಪ್ಪು ಪೆನ್ನಿನಲ್ಲಿ, ಪ್ರತಿ ನಂಬರಿನ ಸುತ್ತ ಒಂದು ಸೊನ್ನೆ ಸುತ್ತಿ, ಮಗುವಿಗೆ ದೃಷ್ಟಿಬೊಟ್ಟು ಇಡುವ ಹಾಗೆ ಬರೆದ.

ಪರೀಕ್ಷೆ ಗೆದ್ದರೆ ಯಜಮಾನರು ಶೆಡ್ಡಿಗೆ ಅಂಥ ಮಿಷನ್ನು ತರಿಸುವವರಿದ್ದರು. ಅದನ್ನು ನಡೆಸುವ ಕೆಲಸ ಅಣ್ಣನಿಗೆ, ಸೀಸನ್ನಿಗಲ್ಲ, ಕಾಯಂ. ಸಾಹೇಬರೇ ಕರೆದುಕೊಂಡು ಹೋಗಿ ಕಲಿಸುತ್ತೇನೆ ಅಂದಿದ್ದರು. ಅಣ್ಣ ಬೆಳಿಗ್ಗೆ ಸಂಜೆ ಅಟ್ಟ ಹತ್ತಿ ಹಣ್ಣುಗಳನ್ನು ನೋಡಿ ಬರುತ್ತಿದ್ದ. ಮುಟ್ಟುತ್ತಿರಲಿಲ್ಲ.

ನನ್ನ ಮದುವೆಯ ಮಾತು ನಡೆಯುತ್ತಿದ್ದ ಕಾಲ ಅದು. ಚನ್ನಪಟ್ಟಣದ ಗಂಡಿನವರು ಮುಂದಿನ ವಾರ ಬರುತ್ತೇವೆ ಅಂದಿದ್ದರು. ಅವರು ಕಬ್ಬಾಳಮ್ಮನಿಗೆ ಪೂಜೆ ಕೊಡಲು ಬಂದವರು, ವಾಪಸು ಹೋಗುವಾಗ ಹೇಳದೆ ಕೇಳದೆ ನಮ್ಮ ಮನೆಗೇ ಬಂದುಬಿಟ್ಟರು. ಅಣ್ಣ ಶೆಡ್ಡಿನಲ್ಲಿದ್ದ. ಅವ್ವ ಕಾಫಿಗಿಟ್ಟಳು, ಪುರಿ, ಕಡ್ಲೆಬೀಜ ತಟ್ಟೆಗೆ ಹಾಕಿದಳು. ಗಂಡಿನ ತಾಯಿ ಜಗಲಿಯಿಂದ ಹೊಲದ ಕಡೆ ನೋಡಿ, "ಬಾದಾಮಿ ಮರ ಸೊಗಸಾಗವೆ. ಹಣ್ಣು ಹೆಂಗೋ ಏನೋ" ಅಂದರು.

ನಮ್ಮ ಮನೆಯಲ್ಲಿ ತಿನ್ನುವ ಹಣ್ಣು ಒಂದೂ ಇರಲಿಲ್ಲ. ಕಾಯೆಲ್ಲ ಶೆಡ್ಡಿಗೆ ಹೋಗಿತ್ತು. ಚಿಕ್ಕಪ್ಪನ ಮನೆಗೆ ಬೀಗ. ಅವರೂ ಕಬ್ಬಾಳಿಗೇ ಹೋಗಿದ್ದರು. ಅಡುಗೆಮನೆಯಲ್ಲಿ ಅವ್ವ ನಾನು ಮುಖ ಮುಖ ನೋಡಿಕೊಂಡೆವು. ನಾನು ಮೇಲೆ ಅಟ್ಟದ ಕಡೆ ನೋಡಿದೆ.

"ಬ್ಯಾಡ ಕಣೆ, ಅವ್ನು ಬಯ್ತಾನೆ" ಅಂದಳು ಅವ್ವ. ಕಾಫಿ ಸೋಸುತ್ತಾ ಅವಳೇ, "ಒಂದ್ ನಾಕು ತಗಂಡ್ರೆ ಏನಾದದು. ಬಂದ್ಮೇಲೆ ಹೇಳಿದ್ರಾಯ್ತು" ಅಂದಳು.

ನಾನು ಏಣಿ ಹತ್ತಿದೆ. ಚೆನ್ನಾಗಿ ಹಣ್ಣಾದವನ್ನೇ ಆರಿಸಿ ಮೊರಕ್ಕೆ ಹಾಕಿಕೊಂಡೆ. ಅವ್ವ ಹೇಳಿದ ನಾಲ್ಕಕ್ಕಿಂತ ಹೆಚ್ಚೇ ಆಗಿತ್ತು. ಕೆಳಗೆ ಬಂದು ಸಿಪ್ಪೆ ಹೆರೆದು, ಸಿಪ್ಪೆಯನ್ನು ಹಸುವಿನ ಕಲಗಚ್ಚಿಗೆ ಹಾಕಿ, ಚೂರು ಮಾಡಿದೆ. ಒಂದು ಹಣ್ಣನ್ನು ಮಾತ್ರ ಸಿಪ್ಪೆ ತೆಗೆಯದೆ ಕೊಯ್ದೆ. ಒಳಗೆ ಪೂರ್ತಿ ಬೆಂಡು. ಅದು ಹನ್ನೊಂದನೇ ನಂಬರು. ಎರಡು ಹೋಳನ್ನೂ ಹಿತ್ತಲಿನ ತಿಪ್ಪೆಗೆ ಎಸೆದು, ಕೈ ತೊಳೆದುಕೊಂಡು, ತಟ್ಟೆ ಹಿಡಿದು ಹೊರಗೆ ಹೋದೆ. ಗಂಡಿನ ತಾಯಿ ಒಂದು ಚೂರು ತಿಂದು ತಲೆಯಾಡಿಸಿದರು. ಮದುವೆ ಗಟ್ಟಿಯಾಯಿತು.

ಅವ್ವ ಅಣ್ಣನಿಗೆ ಹೇಳೋಣ ಅಂದಳು. ನಾನೇ ಬೇಡ ಅಂದೆ. ಅವನು ಬೈಯುತ್ತಾನೆ ಅನ್ನುವ ಹೆದರಿಕೆಯಲ್ಲ. ಅವನು ಯಾವತ್ತೂ ನನ್ನನ್ನು ಬೈದವನಲ್ಲ. ಅವನ ಮುಖ ಸಣ್ಣಗಾಗುವುದನ್ನು ಆ ಸಂತೋಷದ ದಿನ ನೋಡಲು ನನಗೆ ಇಷ್ಟವಿರಲಿಲ್ಲ. ಸಂಜೆ ಚಿಕ್ಕಪ್ಪನವರು ಬಂದ ಕೂಡಲೇ ಅವರ ಮನೆಯಿಂದ ಅಷ್ಟೇ ಗಾತ್ರದ ಬಾದಾಮಿ ತಂದೆ. ಅಣ್ಣ ಶೆಡ್ಡಿನಿಂದ ಬರುವಷ್ಟರಲ್ಲಿ ಅವನ ಪೆನ್ನಿನಲ್ಲೇ, ಅವನ ಹಾಗೇ ಸೊನ್ನೆ ಸುತ್ತಿ, ಖಾಲಿ ಇದ್ದ ನಂಬರುಗಳನ್ನೆಲ್ಲ ಬರೆದು ಹುಲ್ಲಿನಲ್ಲಿಟ್ಟೆ. ಮಾವಿನಹಣ್ಣು ಮಾವಿನಹಣ್ಣೇ ತಾನೆ, ಅದರಲ್ಲೇನು ವ್ಯತ್ಯಾಸ ಅಂತ ನನ್ನ ತಲೆಗೆ ಹೊಳೆದದ್ದು ಅಷ್ಟೇ.

ಕೊಯ್ಯುವ ದಿನ ನಮ್ಮ ಅಂಗಳದಲ್ಲಿ ಬೆಂಚು ಹಾಕಿದರು. ಯಜಮಾನರು, ಸುತ್ತಲಿನ ತೋಟದವರು ಬಂದಿದ್ದರು. ಸಾಹೇಬರು ಶುರು ಮಾಡುವ ಮುಂಚೆ ಒಂದು ಮಾತು ಹೇಳಿದರು. "ಯಾವುದಾದರೂ ಹಣ್ಣು ಇಲಿ ತಿಂದಿದ್ದರೆ, ಮಕ್ಕಳು ತಿಂದಿದ್ದರೆ, ಪರವಾಗಿಲ್ಲ, ಹೇಳಿಬಿಡಿ. ಅವನ್ನು ಬಿಟ್ಟು ಲೆಕ್ಕ ಹಾಕೋಣ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ಆದರೆ ಅಂಗಳದಲ್ಲಿ ಚನ್ನಪಟ್ಟಣದ ನನ್ನ ಮಾವನಾಗುವವರೂ ಕೂತಿದ್ದರು. ಅವರಿಗೂ ಮಾವಿನ ತೋಟವಿತ್ತು, ಮಿಷನ್ ನೋಡಲು ಬಂದಿದ್ದರು. ಅಣ್ಣ ಒಮ್ಮೆ ತಿರುಗಿ ಬಾಗಿಲ ಕಡೆ ನೋಡಿದ. ನೀರು ಬೇಕೇನೋ ಅಂದುಕೊಂಡು ನಾನು ಒಳಗೆ ಹೋದೆ.

ನಾನು ಮತ್ತೆ ಬಾಗಿಲಿಗೆ ಬರುವ ಹೊತ್ತಿಗೆ ಸಾಹೇಬರು ನಂಬರು ಹೇಳಿ, ಮಿಷನ್ನು ಏನು ಹೇಳಿತ್ತು ಅಂತ ಓದುತ್ತಿದ್ದರು. ಅಣ್ಣ ಕೊಯ್ಯುತ್ತಿದ್ದ. ಮೊದಲೆಲ್ಲ ಸರಿಯಾಗಿ ಬಂತು. ಚೆನ್ನಾಗಿದೆ ಅಂದದ್ದು ಚೆನ್ನಾಗಿತ್ತು, ಬೆಂಡು ಅಂದದ್ದು ಬೆಂಡು. ಯಜಮಾನರು ಮುಂದಕ್ಕೆ ಬಾಗಿ ಕೂತರು.

"ಹನ್ನೊಂದು. ಇದು ಒಳಗೆ ಪೂರ್ತಿ ಕೆಟ್ಟಿದೆ" ಅಂದರು ಸಾಹೇಬರು.

ಅಣ್ಣ ಕೊಯ್ದ. ಒಳಗೆ ಕೇಸರಿ ಬಣ್ಣ. ರಸ ಬೆಂಚಿನ ಮೇಲೆ ಸುರಿಯಿತು. ಒಬ್ಬರು ಎತ್ತಿ ತಿಂದೇಬಿಟ್ಟರು. "ಇದು ಕೆಟ್ಟಿದ್ರೆ ದಿನಾ ಇಂಥ ಕೆಟ್ಟಿದ್ದೇ ಕೊಡಿ ಸಾಮಿ!" ಎಲ್ಲರೂ ನಕ್ಕರು. ಮುಂದೆ ಚೆನ್ನಾಗಿದೆ ಅಂದ ಒಂದರಲ್ಲಿ ಬೆಂಡು ಬಂತು. ಮತ್ತೊಂದು ಹಾಗೇ ಆಯಿತು.

ಯಜಮಾನರು ಎದ್ದು ಪಂಚೆ ಕೊಡವಿದರು. "ಸಾರ್, ಬೇಜಾರ್ ಮಾಡ್ಕಬೇಡಿ. ಇದ ನಂಬ್ಕಂಡು ನಾನು ಮಾಲು ಕಳ್ಸಕ್ಕಾಗಲ್ಲ."

ಸಾಹೇಬರು ಅಣ್ಣನ ಕಡೆ ತಿರುಗಿದರು. "ಹಣ್ಣು ನಾವಿಟ್ಟಿದ್ದೇ ತಾನೇನಪ್ಪಾ? ಏನೂ ಅದಲುಬದಲಾಗಿಲ್ಲವಲ್ಲ?"

ಅಣ್ಣ ಚಾಕು ಒರೆಸುತ್ತಿದ್ದ. "ಇಲ್ಲ ಸಾರ್. ನಾನಿಟ್ಟಂಗೇ ಅವೆ" ಅಂದ.

"ನೀನು ಹೇಳಿದ ಮೇಲೆ ಮುಗೀತು. ನಮ್ಮ ಕಡೆಯೇ ಏನೋ ಎಡವಟ್ಟಾಗಿದೆ" ಅಂತ ಸಾಹೇಬರು ಮಿಷನ್ನನ್ನು ಪೆಟ್ಟಿಗೆಯಲ್ಲಿಟ್ಟರು. ಅವರು ಮತ್ತೆ ನಮ್ಮ ಕಡೆ ಬರಲಿಲ್ಲ. ಆ ಸೀಸನ್ ಮುಗಿದ ಮೇಲೆ ಅಣ್ಣನಿಗೂ ಅಲ್ಲಿ ಕೆಲಸ ಇರಲಿಲ್ಲ.

ಆಮೇಲೆ ಅವನು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟಿನ ಮೇಲೆ ಲೋಡಿಂಗ್ ಕೆಲಸಕ್ಕೆ ಸೇರಿ, ಅದರಲ್ಲೇ ಸವೆದ. ಅಲ್ಲಿಂದಲೂ ಕತೆ ತರುತ್ತಿದ್ದ. "ಅಲ್ಲಿ ಕಬ್ಬಿಣನೂ ಒಡೀದೇ ಒಳಿಕೆ ನೋಡ್ತಾರೆ ಕಣಮ್ಮಿ. ಒಳಗೆ ಬಿರುಕಿದ್ರೆ ಟೀವಿಲಿ ಕಾಣ್ತದಂತೆ. ನನ್ನ ಆ ರೂಮಿಗೆ ಬುಡಲ್ಲ, ಬಾಗ್ಲಲ್ಲಿ ನಿಂತ್ಕಂಡು ನೋಡ್ತೀನಿ." ಪ್ರತಿ ಬೇಸಿಗೆ ಒಂದು ಬುಟ್ಟಿ ಬಾದಾಮಿ ಹೊತ್ತುಕೊಂಡು ಚನ್ನಪಟ್ಟಣಕ್ಕೆ ಬರುತ್ತಿದ್ದ. ಕೊಯ್ಯುವ ಹೊತ್ತಿಗೆ ಏನಾದರೂ ನೆವ ಹೇಳಿ ಹೊರಗೆ ಹೋಗುತ್ತಿದ್ದ. ನಾನೂ ಕರೆಯುತ್ತಿರಲಿಲ್ಲ. ಅವ್ವ ಬದುಕಿರುವವರೆಗೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೋದ ವರ್ಷ ಅವನಿಗೆ ಎದೆನೋವು ಅಂತ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಗುಣವಾಗುವಂಥದ್ದಲ್ಲ ಅಂತ ಗೊತ್ತಾಯಿತು. ನಾನು ನೋಡಲು ಹೋದಾಗ ಅವನು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ನಾನು ಮೂಸಂಬಿ ಬಿಡಿಸುತ್ತಾ ಪಕ್ಕದಲ್ಲಿ ಕೂತೆ.

"ನನ್ನೂ ಮಿಷಿನ್ ಒಳಿಕೆ ತಳ್ಳಿ ನೋಡಿದ್ರು. ಒಂದ್ ಗೀರೂ ಬೀಳ್ಲಿಲ್ಲ. ಇರೋದೆಲ್ಲ ಹೇಳ್ಬುಡ್ತು" ಅಂತ ನಕ್ಕ.

"ಬುಡಣ್ಣ, ಮಿಷಿನ್ ಹೇಳಿದ್ದೆಲ್ಲ ನಿಜ ಆಯ್ತದಾ?"

"ಆಯ್ತದೆ. ಆವತ್ತೂ ನಿಜನೇ ಹೇಳಿತ್ತಲ್ಲ."

ನಾನು ಮೂಸಂಬಿಯನ್ನು ಮಡಿಲಲ್ಲಿಟ್ಟೆ. "ಅಣ್ಣ, ಆವತ್ತು ನಾನು..."

"ಹನ್ನೊಂದ್ನೇ ನಂಬ್ರು ತಾನೆ?" ಅಂದ. "ಮಾರ್ನೆ ದಿನ ರೇಷ್ಮೆ ಹುಳದ್ ಕಸ ಸುರಿಯಕ್ಕೋದೆ. ತಿಪ್ಪೇಲಿ ಬಿದ್ದಿತ್ತು. ನನ್ ಬರವಣ್ಗೆ ನಂಗೆ ಗೊತ್ತಾಗಲ್ವಾ? ಮ್ಯಾಲೆ ಅಟ್ಟದಲ್ಲಿ ನೋಡುದ್ರೆ ಇನ್ನೊಂದ್ ಹನ್ನೊಂದು ಕೂತೈತೆ."

"ಗೊತ್ತಿದ್ದೂ ಯಾಕಣ್ಣ ಸುಮ್ಕಿದ್ದೆ?"

"ನೀನೇ ಹೇಳ್ತೀಯ ಅಂತ ಕಾಯ್ದೆ. ಸಾಹೇಬ್ರು ಮೊದ್ಲೇ ಹೇಳ್ಬುಡಿ ಅಂದಾಗ್ಲೂ ಬಾಗ್ಲ ಕಡೆ ನೋಡ್ದೆ. ನೀನು ಒಳಿಕೋದೆ."

ನಾನು ಅಳತೊಡಗಿದೆ. ಅವನು ನನ್ನ ಮಡಿಲಿನಿಂದ ಒಂದು ತೊಳೆ ಎತ್ತಿಕೊಂಡು ಬಾಯಿಗೆ ಹಾಕಿಕೊಂಡ. ಹುಳಿಗೆ ಮುಖ ಕಿವುಚಿದ.

"ಅಳಬ್ಯಾಡ. ನಾನು ಬಾಯ್ಬಿಟ್ಟಿದ್ರೆ ನಿಮ್ಮಾವನ ಮುಂದೆ ನಿನ್ ಮಾನ ಓಯ್ತಿತ್ತು. ಕೆಲ್ಸ ಓದ್ರೆ ಓಗ್ಲಿ ಬುಡು, ಅದಕ್ಕೆ ನಂಗೆ ಬೇಜಾರಿಲ್ಲ. ಆ ಸಾಹೇಬ್ರು ನನ್ ಮಾತ ನಂಬಿ, ಅವ್ರ್ ಮಿಷಿನ್ನೇ ಸುಳ್ಳು ಅಂದ್ಕಂಡ್ ಓದ್ರಲ್ಲ... ನಾನ್ ಹೇಳಿದ್ದು ಸುಳ್ಳು, ಮಿಷಿನ್ ಹೇಳಿದ್ದು ನಿಜ. ಅದೊಂದು ಒಳಗೆ ಕೂತೈತೆ ಕಣಮ್ಮಿ." ಇನ್ನೊಂದು ತೊಳೆ ಎತ್ತಿಕೊಂಡು, "ಯಾವಾಗಾದ್ರೂ ಸಿಕ್ಕಿದ್ರೆ ಅವ್ರಿಗೆ ಹೇಳು" ಅಂದ.

ಅವನ ಕೆಲಸ ಹಾಳು ಮಾಡಿದೆ ಅಂತ ನಾನು ಇಷ್ಟು ವರ್ಷ ಕೊರಗಿದ್ದೆ. ಅವನು ಹೊತ್ತುಕೊಂಡಿದ್ದದ್ದು ಬೇರೆಯದೇ. ಹಲಸು ತಪ್ಪಿದ್ದಕ್ಕೆ ಅಂಗಳದ ತುಂಬ ನಕ್ಕ ಮನುಷ್ಯನಿಗೆ ನಾನು ಹೇಳಿಕೊಳ್ಳಲಾಗದ ಒಂದು ಸುಳ್ಳು ಹೊರಿಸಿದ್ದೆ.

ಈ ಬೇಸಿಗೆ ಅಣ್ಣನ ಬದಲು ಅತ್ತಿಗೆ ಬಸ್ಸಿನಲ್ಲಿ ಬಾದಾಮಿ ಬುಟ್ಟಿ ಕಳಿಸಿಕೊಟ್ಟರು. ಹಣ್ಣನ್ನು ಮುಂದಿಟ್ಟುಕೊಂಡು ನಾನು ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರ ಅಪ್ಪ ಅಮ್ಮ ಇಬ್ಬರೂ ಈಗಿಲ್ಲ.

"ಆವತ್ತು ಮಾವಿನಣ್ಣು ಕೊಟ್ಟಿದ್ರಾ?" ಅಂದರು. "ನಂಗೆ ಕಾಫಿ ಗ್ಯಾಪ್ಕ ಐತೆ, ಪುರಿ ಗ್ಯಾಪ್ಕ ಐತೆ. ಕಬ್ಬಾಳಲ್ಲಿ ಹೊಟ್ಟೆ ಬಿರಿಯ ಉಂಡ್ಕಂಡ್ ಬಂದಿದ್ದೋ. ಹಣ್ಣು ನಾನು ಮುಟ್ಟೇ ಇಲ್ಲ ಅನ್ಸ್ತದೆ ಕಣೆ."

ನಾನು ಒಂದು ಹಣ್ಣು ಎತ್ತಿ ಮೂಸಿದೆ, ಅಂಗೈಯಲ್ಲಿಟ್ಟು ತೂಕ ನೋಡಿದೆ, ಒತ್ತದೆ ಕೆಳಗಿಟ್ಟೆ.

ಆ ಸಾಹೇಬರ ಹೆಸರು ನನಗೆ ಗೊತ್ತಿಲ್ಲ. ಅಣ್ಣನಿಗೆ ಗೊತ್ತಿತ್ತು, ನಾನು ಕೇಳಿಟ್ಟುಕೊಳ್ಳಲಿಲ್ಲ. ಈಗ ಅವರಿಗೆ ವಯಸ್ಸಾಗಿರಬೇಕು. ಎಲ್ಲಾದರೂ ಕೂತು ಇದನ್ನು ಓದಿದರೆ ಅವರಿಗೆ ಸಾತನೂರಿನ ಕಡೆಯ ಆ ಅಂಗಳ, ಬೆಂಚು, ಚಾಕು ಒರೆಸುತ್ತಾ ನಿಂತಿದ್ದ ನಮ್ಮಣ್ಣ ನೆನಪಾಗಬಹುದು. ಸಾರ್, ನೀವು ಕೊಯ್ಯಿಸಿದ್ದು ನೀವಿಟ್ಟ ಹಣ್ಣಲ್ಲ. ನೀವಿಟ್ಟ ಹನ್ನೊಂದನೇ ನಂಬರಿನ ಹಣ್ಣು ಒಳಗೆ ಪೂರ್ತಿ ಕೆಟ್ಟಿತ್ತು. ಅದನ್ನು ಕೊಯ್ದವಳು ನಾನು. ನಿಮ್ಮ ಮಿಷನ್ನು ಸರಿಯಾಗಿಯೇ ಹೇಳಿತ್ತು.